ಜಿಂಕೆ ಮಾರ್ಕಿನ ಮೂರು ಗೀರು

ಮನೆಯೊಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅಷ್ಟು ದಿನವೂ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತು ಉಂಡಿರಲಿಲ್ಲ. ಅಡುಗೆ ಆಗುತ್ತಿರಲಿಲ್ಲ ಎಂದಲ್ಲ. ವಾರವೆಲ್ಲ ಸೊಸೆ ಮಾಡುತ್ತಿದ್ದಳು, ರಜೆಯ ದಿನ ಮಗಳು ಮಾಡುತ್ತಿದ್ದಳು. ಆದರೆ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಮುಕ್ಕಾಲು ಮೇಜನ್ನು ಯಜಮಾನರ ಕಾರ್ಬ್ಯುರೇಟರುಗಳು ಹಿಡಿದುಕೊಂಡಿದ್ದವು. ಹಳೆಯ ಕಾರಿನ ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಕೊಡುವ, ಎರಡು ಮುಷ್ಟಿ ಗಾತ್ರದ ಸಾಮಾನು ಅದು. ಪ್ರತಿಯೊಂದರ ಹೊಟ್ಟೆಯ ಮೇಲೂ ಓಡುವ ಜಿಂಕೆಯ ಉಬ್ಬುಚಿತ್ರವಿತ್ತು.

"ಮಾವ, ಸ್ವಲ್ಪ ಸರಿಸಿಕೊಳ್ಳಿ. ಬಿಸಿ ಪಾತ್ರೆ ಕೈಯಲ್ಲಿದೆ" ಎಂದಳು ಸೊಸೆ.

"ಪಕ್ಕದಲ್ಲಿ ಇಡು."

"ಪಕ್ಕದಲ್ಲೂ ಜಿಂಕೆ ಮಲಗಿದೆ."

"ತಾತ, ಇನ್ನೊಂದು ವಾರ ಹೀಗೇ ಬಿಟ್ಟರೆ ಅಮ್ಮ ಅದನ್ನೇ ಬೇಯಿಸಿ ಬಡಿಸ್ತಾಳೆ" ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು.

ಯಜಮಾನರು ನಗಲಿಲ್ಲ. ಎರಡು ಜಿಂಕೆಗಳನ್ನು ಮಡಿಲಿಗೆ ಎತ್ತಿಕೊಂಡು ಪಾತ್ರೆಗೆ ಜಾಗ ಮಾಡಿಕೊಟ್ಟರು.

ಅವರಿಗೆ ಎಪ್ಪತ್ತಾರು ವರ್ಷ. ಪೇಟೆಯಲ್ಲಿ ಅವರನ್ನು 'ಭೂತಗನ್ನಡಿ ಯಜಮಾನರು' ಎಂದೇ ಕರೆಯುತ್ತಿದ್ದರು. ಹಳೆಯ ಕಾರಿನ ಯಾವ ಬಿಡಿಭಾಗ ಕೈಗೆ ಬಂದರೂ ಅಂಗಿಯ ಜೇಬಿನಿಂದ ಭೂತಗನ್ನಡಿ ತೆಗೆದು, ತಿರುವಿ ಮುರುವಿ ನೋಡಿ, "ಮೂಲದ್ದು" ಎಂದೋ "ನಕಲು" ಎಂದೋ ಹೇಳುವರು. ಮೂಲದ್ದಾದರೆ ಒಂದು ಚೀಟಿ ಬರೆದು ರುಜು ಹಾಕುವರು. ಆ ಚೀಟಿಗೆ ದೂರದೂರದ ಊರುಗಳಲ್ಲಿ ಬೆಲೆಯಿತ್ತು. ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಿದ್ದ. ಆದರೆ ಅಂಗಡಿಯ ಜೀವ ಆ ಚೀಟಿಯಲ್ಲೇ ಇತ್ತು.

ಜಿಂಕೆ ಮಾರ್ಕಿನ ವಿಷಯದಲ್ಲಂತೂ ಅವರ ಮಾತಿಗೆ ಎದುರು ಮಾತೇ ಇರಲಿಲ್ಲ. ಆ ಕಾರ್ಖಾನೆ ಮುಚ್ಚಿ ಮೂವತ್ತೈದು ವರ್ಷವಾಗಿತ್ತು. ಮೂಲ ಜಿಂಕೆಯನ್ನು ಗುರುತಿಸುವ ಬಗೆಯನ್ನು ಕಂಡುಹಿಡಿದವರು ಯಜಮಾನರೇ. ಮುಚ್ಚಳವನ್ನು ಬಿಚ್ಚಿ ಒಳಮೈ ನೋಡಿದರೆ, ಅಂಚಿನ ಹತ್ತಿರ, ಕೂದಲೆಳೆಯಂಥ ಮೂರು ಗೀರುಗಳಿರುತ್ತಿದ್ದವು. ಎರಡು ಉದ್ದಕ್ಕೆ, ಅವುಗಳ ತಲೆಯ ಮೇಲೆ ಒಂದು ಅಡ್ಡಕ್ಕೆ, ಬಾಗಿಲ ಚೌಕಟ್ಟಿನ ಹಾಗೆ. ಕಾರ್ಖಾನೆಯಲ್ಲಿ ಮೂರು ಸಲ ತಪಾಸಣೆ ನಡೆಯುತ್ತಿತ್ತೆಂದೂ ಸಲಕ್ಕೊಂದು ಗೀರು ಹಾಕುತ್ತಿದ್ದರೆಂದೂ ಅವರು ಸಂಗ್ರಹಕಾರರ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಅಲ್ಲಿಂದ ಅದಕ್ಕೆ 'ಬಾಗಿಲು ಗುರುತು' ಎಂದೇ ಹೆಸರು ಬಿತ್ತು. ಗುರುತು ಇದ್ದರೆ ಮೂಲ, ಇಲ್ಲದಿದ್ದರೆ ನಕಲು.

ಈಗ ಹಳೆಯ ಕಾರುಗಳ ಸಂಗ್ರಹಾಲಯದವರು ಜಿಂಕೆ ಮಾರ್ಕಿನ ಪೂರ್ತಿ ಚರಿತ್ರೆಯನ್ನು ಪುಸ್ತಕ ಮಾಡಲು ಹೊರಟಿದ್ದರು. ಬರೆಯುವವರು ಯಜಮಾನರು. ಅವರು ಹೇಳುತ್ತಿದ್ದರು, ಮೊಮ್ಮಗಳು ಬರೆದುಕೊಳ್ಳುತ್ತಿದ್ದಳು. ಹೆಂಡತಿ ಹೋದ ಮೇಲೆ ಅವರನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಪ್ರಾರ್ಥನೆ ಒಂದು, ಈ ಪುಸ್ತಕ ಇನ್ನೊಂದು.

"ತಪಾಸಣೆ ಮಾಡ್ತಿದ್ದವರು ಯಾರು, ಯಾವ ಉಪಕರಣದಿಂದ ಗೀರು ಹಾಕ್ತಿದ್ದರು, ಅದೂ ಬೇಕಂತೆ ತಾತ. ಸಂಗ್ರಹಾಲಯದವರು ಕೇಳಿದ್ದಾರೆ."

"ಆ ಕಾರ್ಖಾನೆಯವರು ಯಾರಾದರೂ ಬದುಕಿದ್ದರೆ ಕೇಳೋಣ. ಹುಡುಕು."

ಮೊಮ್ಮಗಳು ಹುಡುಕಿದಳು. ತಪಾಸಣೆ ವಿಭಾಗದಲ್ಲಿ ಹನ್ನೆರಡು ವರ್ಷ ಮೇಸ್ತ್ರಿಯಾಗಿದ್ದ ಒಬ್ಬರು ಬೇರೆ ಊರಿನಲ್ಲಿದ್ದರು. ಗುರುತಿನ ದೊಡ್ಡ ಫೋಟೋ ಸಮೇತ ಅವರಿಗೆ ಕಾಗದ ಹೋಯಿತು.

ಎರಡು ವಾರದ ಮೇಲೆ ಉತ್ತರ ಬಂತು. ಮಧ್ಯಾಹ್ನದ ಊಟದ ಹೊತ್ತು. ಮೊಮ್ಮಗಳು ಲಕೋಟೆ ಹರಿದು ಗಟ್ಟಿಯಾಗಿ ಓದತೊಡಗಿದಳು. ನಾಲ್ಕನೆಯ ಸಾಲಿಗೆ ದನಿ ಇಳಿಯಿತು.

"ಓದು, ಯಾಕೆ ನಿಲ್ಲಿಸಿದೆ?"

"'ತಾವು ಕಳಿಸಿದ ಚಿತ್ರದಲ್ಲಿರುವ ಗುರುತನ್ನು ನಾನು ಈವರೆಗೆ ನೋಡಿಲ್ಲ. ನಮ್ಮ ವಿಭಾಗದಲ್ಲಿ ತಪಾಸಣೆ ಒಂದೇ ಸಲ. ತಳದಲ್ಲಿ ಸಂಖ್ಯೆ ಒತ್ತುತ್ತಿದ್ದೆವು. ಮುಚ್ಚಳದ ಒಳಮೈಗೆ ಮೊಳೆ ತಾಕಿಸಿದರೂ ಸಂಬಳ ಹಿಡಿಯುತ್ತಿದ್ದರು.'"

ಯಜಮಾನರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ವಯಸ್ಸಾಗಿದೆ ಆತನಿಗೆ. ಮರೆತಿರಬೇಕು" ಎಂದರು.

"ನಿಮಗಿಂತ ಎರಡು ವರ್ಷ ಚಿಕ್ಕವರಂತೆ" ಎಂದಳು ಮೊಮ್ಮಗಳು.

"ಸುಮ್ನೆ ಊಟ ಮಾಡೇ" ಎಂದು ಮಗ ಗದರಿದ. ಅವನಿಗೆ ಕಾಗದದ ಮಾತು ಹಿಡಿಸಲಿಲ್ಲ. "ಅಪ್ಪ, ಅದನ್ನ ಪುಸ್ತಕಕ್ಕೆ ಹಾಕಬೇಡಿ. ಯಾರೋ ಒಬ್ಬ ಮುದುಕ ಏನೋ ಬರೆದ ಅಂತ ನಮ್ಮ ಹೆಸರು ಕೆಡಿಸಿಕೊಳ್ಳೋದಾ?"

ಯಜಮಾನರು ಕೈ ತೊಳೆಯಲು ಎದ್ದರು.

ಅದಾದ ಮೊದಲ ರಜೆಯ ದಿನವೇ ಎರಡನೆಯ ಪೆಟ್ಟು ಬಿತ್ತು. ಅದು ಬಿದ್ದದ್ದು ಅಡುಗೆಮನೆಯ ಜಗಳದಿಂದ.

ಸೊಸೆಗೆ ಅತ್ತೆಯ ಕಾಲದ ತಗಡಿನ ಡಬ್ಬಿಗಳನ್ನೆಲ್ಲ ತೆಗೆದು ಗಾಜಿನ ಭರಣಿಗಳನ್ನು ಇಡುವ ಆಸೆ. ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದವಳು. ನಲವತ್ತೆರಡು ವರ್ಷ, ಮದುವೆಯಿಲ್ಲ, ಮಾತು ಖಾರ. ಅವಳು ಡಬ್ಬಿಗಳಿಗೆ ಅಡ್ಡ ನಿಂತಳು.

"ಅತ್ತಿಗೆ, ಅಮ್ಮ ಹೋಗಿ ನಾಲ್ಕು ತಿಂಗಳೂ ಆಗಿಲ್ಲ. ಅವಳ ಡಬ್ಬಿ ಬಿಸಾಡೋಕೆ ಕೈ ಹೇಗೆ ಬರುತ್ತೆ?"

"ಬಿಸಾಡ್ತೀನಿ ಅಂದೆನಾ? ಅಟ್ಟಕ್ಕೆ ಹಾಕ್ತೀನಿ ಅಂದೆ. ಒಂದರ ಮೇಲೂ ಹೆಸರಿಲ್ಲ. ಸಕ್ಕರೆ ಅಂತ ಕೈ ಹಾಕಿದ್ರೆ ಉಪ್ಪು ಬರುತ್ತೆ. ನಿನ್ನೆ ನಿಮ್ಮಣ್ಣ ಕುಡಿದ ಚಹಾ ನೀನು ಕುಡಿದಿದ್ದರೆ ಗೊತ್ತಾಗ್ತಿತ್ತು."

"ಅಮ್ಮನಿಗೆ ಹೆಸರು ಬರೆಯೋಕೆ ಬರ್ತಿರಲಿಲ್ಲ, ಅದಕ್ಕೆ ಬರೆದಿಲ್ಲ."

"ಹಾಗಂತ ನಾನೂ ಮೂಸಿ ನೋಡಿ ಅಡುಗೆ ಮಾಡಬೇಕಾ?"

ಜಗಳ ಅಡುಗೆಮನೆಯಿಂದ ಊಟದ ಮೇಜಿಗೆ ಬಂತು. ಸೊಸೆ ಹೊತ್ತು ತಂದ ಡಬ್ಬಿಗಳನ್ನು ದಡದಡನೆ ಮೇಜಿನ ಮೇಲೆ ಇಳಿಸಿದಳು. ಸಕ್ಕರೆ ಡಬ್ಬಿಯ ಮುಚ್ಚಳ ಕಳಚಿ ಉರುಳುತ್ತ ಹೋಗಿ, ಯಜಮಾನರ ಮುಂದೆ ಬಿಚ್ಚಿಟ್ಟಿದ್ದ ಕಾರ್ಬ್ಯುರೇಟರಿನ ಮುಚ್ಚಳದ ಪಕ್ಕದಲ್ಲೇ ಅಂಗಾತ ಬಿತ್ತು.

ಮೊಮ್ಮಗಳು ಬರೆಯುತ್ತಿದ್ದವಳು ತಲೆಯೆತ್ತಿದಳು. ಎರಡು ಮುಚ್ಚಳಗಳನ್ನು ನೋಡಿದಳು. ಪೆನ್ನು ಕೆಳಗಿಟ್ಟಳು.

"ತಾತ."

"ಏನು?"

"ಇದನ್ನ ನೋಡಿ."

ಸಕ್ಕರೆ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ, ಅಂಚಿನ ಹತ್ತಿರ, ಮೂರು ಗೀರುಗಳಿದ್ದವು. ಎರಡು ಉದ್ದಕ್ಕೆ, ತಲೆಯ ಮೇಲೆ ಒಂದು ಅಡ್ಡಕ್ಕೆ.

ಯಜಮಾನರು ಜೇಬಿಗೆ ಕೈ ಹಾಕಿದರು. ಭೂತಗನ್ನಡಿ ಒಂದು ಸಲಕ್ಕೆ ಕೈಗೆ ಸಿಗಲಿಲ್ಲ. ಸಿಕ್ಕ ಮೇಲೆ ಸಕ್ಕರೆ ಮುಚ್ಚಳವನ್ನು ನೋಡಿದರು, ಕಾರ್ಬ್ಯುರೇಟರಿನ ಮುಚ್ಚಳವನ್ನು ನೋಡಿದರು, ಮತ್ತೆ ಸಕ್ಕರೆಯದನ್ನು ನೋಡಿದರು. ಅಡ್ಡಗೀರು ಬಲತುದಿಯಲ್ಲಿ ಸ್ವಲ್ಪ ಕೆಳಗೆ ಬಾಗಿತ್ತು. ಇದರಲ್ಲೂ ಬಾಗಿತ್ತು, ಅದರಲ್ಲೂ ಬಾಗಿತ್ತು. ಆ ಬಾಗುವಿಕೆಯ ಬಗ್ಗೆ ಅವರು ಪತ್ರಿಕೆಯಲ್ಲಿ ಒಂದು ಇಡೀ ಪ್ಯಾರಾ ಬರೆದಿದ್ದರು. ತಪಾಸಣೆಗಾರ ಎಡಗೈಯವನಿರಬೇಕು ಎಂದು ಊಹಿಸಿದ್ದರು.

ಅವರ ಹೆಂಡತಿ ಎಡಗೈಯವಳು.

"ಉಳಿದದ್ದನ್ನ ತೆಗಿ" ಎಂದರು.

ಸೊಸೆ ಜಗಳ ಮರೆತು ಒಂದೊಂದೇ ಮುಚ್ಚಳ ತೆಗೆದಳು. ಉಪ್ಪಿನದು, ಬೇಳೆಯದು, ಹಿಟ್ಟಿನದು. ಮಗಳು ಒಳಗೆ ಹೋಗಿ ಪಾತ್ರೆ, ಲೋಟ, ಸೌಟುಗಳನ್ನು ತಂದು ಬೋರಲು ಹಾಕಿದಳು. ಎಲ್ಲದರಲ್ಲೂ ಅದೇ ಬಾಗಿಲು.

"ನೆರೆಮನೆಗೆ ಹೋದ ಪಾತ್ರೆ ಗುರುತು ಸಿಗಲಿ ಅಂತ ಹಾಕ್ತಿದ್ಳು" ಎಂದಳು ಮಗಳು ನಿಧಾನವಾಗಿ. "ದಬ್ಬಳದಿಂದ. ಗೋಣಿಚೀಲ ಹೊಲಿಯೋ ದಬ್ಬಳ. ಸೀರೆ ಸೆರಗಿಗೆ ಸಿಕ್ಕಿಸಿಕೊಂಡೇ ಓಡಾಡ್ತಿದ್ಳಲ್ಲ."

ಯಜಮಾನರಿಗೆ ಹಿತ್ತಲು ನೆನಪಾಯಿತು. ಕಾರ್ಖಾನೆ ಮುಚ್ಚಿದ ವರ್ಷ ಅದರ ಕೊನೆಯ ದಾಸ್ತಾನು ನೀರು ನುಗ್ಗಿದ ಗೋದಾಮಿನಲ್ಲಿ ಕೆಸರು ತಿಂದು ಬಿದ್ದಿತ್ತು. ಚೀಲಗಟ್ಟಲೆ ತಂದು ಹಿತ್ತಲಲ್ಲಿ ಸುರಿದಿದ್ದರು. ಎರಡು ವರ್ಷ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಿಕ್ಕಿ, ಒರೆಸಿ ಒಳಗೆ ಕೊಟ್ಟವಳು ಹೆಂಡತಿ. ಅವರ ಭೂತಗನ್ನಡಿಗೆ ಜಿಂಕೆಗಳು ಬೀಳುತ್ತಿದ್ದದ್ದು ತೊಳೆದ ಮೇಲೆಯೇ. ಕೆಸರು ಮೆತ್ತಿದ ಒಂದನ್ನಾದರೂ ಅವರು ಬಿಚ್ಚಿ ನೋಡಿದವರಲ್ಲ.

"ಅಟ್ಟದ ಮೇಲೆ ಪೆಟ್ಟಿಗೆ ಇದೆ" ಎಂದರು.

ಅದೊಂದು ಮರದ ಪೆಟ್ಟಿಗೆ. ಒಳಗೆ ಆರು ಕಾರ್ಬ್ಯುರೇಟರು; ಹೊರಗೆ ಕಾರ್ಖಾನೆಯ ತಂತಿ, ಸೀಸದ ಮೊಹರು ಹಾಗೇ ಇದ್ದವು. ನೀರು ತಾಗದೆ ಉಳಿದ ಒಂದೇ ಪೆಟ್ಟಿಗೆ ಎಂದು ಮೂವತ್ತೈದು ವರ್ಷ ಜೋಪಾನ ಮಾಡಿದ್ದರು. ಮಗ ತಡೆದ.

"ಅಪ್ಪ, ಮೊಹರು ಒಡೆದರೆ ಅದರ ಬೆಲೆ ಅರ್ಧ ಆಗುತ್ತೆ."

"ಇಳಿಸು."

"ಯೋಚನೆ ಮಾಡಿ..."

"ಇಳಿಸು ಅಂದೆ."

ಇಕ್ಕಳದಿಂದ ತಂತಿ ಕತ್ತರಿಸಿದವರು ಯಜಮಾನರೇ. ಎಣ್ಣೆಕಾಗದದ ಸುತ್ತು ಬಿಚ್ಚಿದರು. ನಾಲ್ಕು ತಿರುಪು ತೆಗೆದರು. ಮುಚ್ಚಳವನ್ನು ಬೆಳಕಿಗೆ ಹಿಡಿದರು.

ಒಳಮೈ ಕನ್ನಡಿಯ ಹಾಗೆ ನುಣ್ಣಗಿತ್ತು. ಗೀರು ಇರಲಿಲ್ಲ.

ಎರಡನೆಯದು ಬಿಚ್ಚಿದರು. ಮೂರನೆಯದು. ಆರನ್ನೂ ಬಿಚ್ಚಿದರು. ಆರೂ ಮುಚ್ಚಳಗಳನ್ನು ಸಾಲಾಗಿ ಅಂಗಾತ ಇಟ್ಟು, ಕೂತಲ್ಲೇ ಕೂತರು. ಸೊಸೆ ನೀರು ತಂದುಕೊಟ್ಟಳು. ಲೋಟವನ್ನು ತೆಗೆದುಕೊಂಡವರು ಕುಡಿಯದೆ ತಳ ತಿರುಗಿಸಿ ನೋಡಿದರು. ನೀರೆಲ್ಲ ಪಂಚೆಯ ಮೇಲೆ ಚೆಲ್ಲಿತು.

ಮಗಳು ಒಂದೇ ಮಾತು ಕೇಳಿದಳು.

"ಹಾಗಾದರೆ ಡೈನಮೋ ಮಾಮ?"

ಆ ಹೆಸರು ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ.

ಡೈನಮೋ ಎಂಬುದು ಯಜಮಾನರು ತಮ್ಮ ಗೆಳೆಯನಿಗೆ ಇಟ್ಟ ಅಡ್ಡಹೆಸರು. ಕೂತಲ್ಲಿ ಕೂರದ, ಎಲ್ಲರಿಗೂ ಚುರುಕು ಮುಟ್ಟಿಸುವ ಮನುಷ್ಯ. ಎದುರುಬದುರು ಅಂಗಡಿ, ಅಕ್ಕಪಕ್ಕ ಮನೆ, ನಡುವೆ ಒಂದೇ ಹಿತ್ತಲು. ಜಿಂಕೆ ಮಾರ್ಕಿನ ದಾಸ್ತಾನನ್ನು ಇಬ್ಬರೂ ಸಮಪಾಲಿನಲ್ಲಿ ಕೊಂಡು ಒಂದೇ ಲಾರಿಯಲ್ಲಿ ತಂದಿದ್ದರು. ಯಜಮಾನರ ಮಗಳನ್ನು ಡೈನಮೋ ತನ್ನ ಮಗನಿಗೆ ತಂದುಕೊಳ್ಳುವುದೆಂದು ಮಾತೂ ಆಗಿತ್ತು. ಆಗ ಡೈನಮೋ ನಲವತ್ತು ಕಾರ್ಬ್ಯುರೇಟರುಗಳನ್ನು ಒಂದು ಸಂಗ್ರಹಕಾರರ ಸಂಘಕ್ಕೆ ಮಾರಿದ. ಸಂಘದವರು ನಿಜಾಂಶ ತಿಳಿಯಲು ಯಜಮಾನರನ್ನು ಕರೆದರು. ಯಜಮಾನರು ಬಿಚ್ಚಿ ನೋಡಿದರು. ಒಂದರಲ್ಲೂ ಬಾಗಿಲು ಗುರುತು ಇರಲಿಲ್ಲ. ಮೂಲದ್ದನ್ನು ಹಿಂಬಾಗಿಲಿನಿಂದ ಮಾರಿ ನಕಲನ್ನು ಸೇರಿಸಿದ್ದಾನೆ ಎಂದುಕೊಂಡರು. ಗೆಳೆಯನೆಂದು ಮುಲಾಜು ನೋಡುವುದು ದೇವರಿಗೆ ಒಪ್ಪದ ಕೆಲಸ ಎಂದು, ತುಂಬಿದ ಸಭೆಯಲ್ಲಿ "ನಕಲು" ಎಂದರು.

ಸಂಘದವರು ನಲವತ್ತನ್ನೂ ಸುತ್ತಿಗೆಯಿಂದ ಒಡೆದು ಗುಜರಿಗೆ ಹಾಕಿದರು. ಆರು ತಿಂಗಳಲ್ಲಿ ಡೈನಮೋನ ಅಂಗಡಿಗೆ ಬೀಗ ಬಿತ್ತು. ಮದುವೆಯ ಮಾತು ಮುರಿಯಿತು. ಡೈನಮೋನ ಕುಟುಂಬದವರು ಮನೆ ಬಿಟ್ಟು ಊರಿನ ಇನ್ನೊಂದು ತುದಿಗೆ ಹೋದರು.

"ಒಂದೇ ಲಾರಿಯಲ್ಲಿ ತಂದದ್ದಲ್ವೇನೋ" ಎಂದು ಅವತ್ತು ಡೈನಮೋ ಕೇಳಿದ್ದ. ಒಂದೇ ಒಂದು ಮಾತು. ಅದಕ್ಕೆ ಯಜಮಾನರು ಉತ್ತರ ಕೊಟ್ಟಿರಲಿಲ್ಲ.

ಆ ವಾರವೆಲ್ಲ ಮನೆಯಲ್ಲಿ ಜಗಳ. ಹೊತ್ತು ಹೊತ್ತಿಗೆ ತಟ್ಟೆ ಇಟ್ಟ ಕೂಡಲೇ ಶುರುವಾಗುತ್ತಿತ್ತು.

"ಯಾರಿಗೂ ಹೇಳಬೇಕಾಗಿಲ್ಲ" ಎಂದ ಮಗ. "ಮೇಸ್ತ್ರಿ ಕಾಗದ ಹರಿದು ಹಾಕಿ. ಆ ಪೆಟ್ಟಿಗೆ ನಾವು ತೆಗೆದೇ ಇಲ್ಲ. ಪುಸ್ತಕದಲ್ಲಿ ಗುರುತಿನ ಅಧ್ಯಾಯ ಚಿಕ್ಕದು ಮಾಡಿ, ಮುಗೀತು."

"ಮುಗೀತಾ?" ಎಂದಳು ಮಗಳು.

"ಮತ್ತಿನ್ನೇನು? ಚೀಟಿ ತಗೊಂಡವರೆಲ್ಲ ನಾಳೆ ಅಂಗಡಿ ಬಾಗಿಲಿಗೆ ಬರ್ತಾರೆ. ಈ ಮನೆ ಅನ್ನ ತಿನ್ನೋದು ಆ ಚೀಟಿಯಿಂದ. ನಿನಗೆ ಆಸ್ಪತ್ರೆ ಸಂಬಳ ಇದೆ, ಮಾತಾಡ್ತೀಯ."

"ಚೀಟಿ ತಗೊಂಡವರ ಸಾಮಾನು ಮೂಲದ್ದೇ ಕಣೋ ಅಣ್ಣ. ಅವರಿಗೇನೂ ನಷ್ಟ ಇಲ್ಲ. ಚೀಟಿ ಸಿಗದೇ ಇದ್ದವರ ಸಾಮಾನೂ ಮೂಲದ್ದೇ. ನಷ್ಟ ಆಗಿದ್ದು ಅವರಿಗೆ."

"ನಿನ್ನ ಮದುವೆ ಮುರೀತು ಅಂತ ನಿನಗೆ ಸಿಟ್ಟು, ಅಷ್ಟೇ."

ಸೊಸೆ "ಅಯ್ಯೋ, ಏನ್ರೀ ಇದು" ಎಂದು ಗಂಡನ ಕೈ ಹಿಡಿದಳು. ಮಗಳು ಮಾತ್ರ ಸಾವಧಾನವಾಗಿ ನೀರು ಕುಡಿದು ಲೋಟ ಇಟ್ಟಳು.

"ನನ್ನ ಮದುವೆ ಮಾತು ಬಿಡು. ಆ ಹುಡುಗ ಆಗಲೇ ಬೊಕ್ಕತಲೆ ಆಗ್ತಿದ್ದ, ನಾನು ಬಚಾವಾದೆ. ನಾನು ಕೇಳ್ತಿರೋದು ಒಬ್ಬ ಮನುಷ್ಯನ ಹೆಸರಿನ ವಿಷಯ." ಆಮೇಲೆ ತಂದೆಯ ಕಡೆ ತಿರುಗಿದಳು. "ಅಪ್ಪ, ಡೈನಮೋ ಮಾಮನ ಹೆಂಡತಿ ಬಂದಿದ್ರಲ್ಲ, ಇನ್ನೊಂದು ಸಲ ನೋಡಿ ಅಂತ ಬೇಡಿಕೊಳ್ಳೋಕೆ. ಅವತ್ತು ಅಮ್ಮ ಚಹಾ ತಂದಿದ್ಳು. ನೆನಪಿದೆಯಾ?"

ಯಜಮಾನರು ಬೆರಳಿನಿಂದ ತಟ್ಟೆಯ ಅನ್ನ ಸರಿಸುತ್ತಿದ್ದರು.

"ನೀವು ಗುರುತು ಇಲ್ಲ, ಗುರುತು ಇಲ್ಲ ಅಂತ ಹೇಳ್ತಾನೇ ಇದ್ರಿ. ಅಮ್ಮ ಕೇಳಿದ್ಳು, 'ಯಾವ ಗುರುತು? ನನಗೂ ತೋರಿಸಿ' ಅಂತ. ನೀವೇನಂದ್ರಿ?"

"ಸಾಕು ಬಿಡೇ" ಎಂದ ಮಗ, ಈ ಸಲ ಮೆಲ್ಲಗೆ.

"ನನಗೆ ನೆನಪಿದೆ. 'ನಿನಗೆ ಅದೆಲ್ಲ ಅರ್ಥ ಆಗಲ್ಲ, ಒಳಗೆ ಹೋಗು' ಅಂದ್ರಿ."

ಯಜಮಾನರಿಗೆ ಅದು ನೆನಪಿತ್ತು. ನಾಲ್ಕು ದಿನದಿಂದ ಅದೊಂದೇ ನೆನಪಿತ್ತು. ತಟ್ಟೆಯ ಮುಂದಿನಿಂದ ಎದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಸೋಮವಾರ ಸಂಗ್ರಹಾಲಯದ ಅಧಿಕಾರಿ ಹಸ್ತಪ್ರತಿ ಒಯ್ಯಲು ಬಂದ. ಮಗ ಹೊಸ ಕುರ್ಚಿ ಹಾಕಿ ಕೂರಿಸಿ, ತಾನೇ ಚಹಾ ತಂದುಕೊಟ್ಟು, ಕಟ್ಟಿಟ್ಟ ಕಾಗದಗಳನ್ನು ಮುಂದಕ್ಕೆ ತಳ್ಳಿದ.

"ಎಲ್ಲ ತಯಾರಿದೆ ಸಾರ್."

"ಇಲ್ಲ" ಎಂದರು ಯಜಮಾನರು. "ಬಾಗಿಲು ಗುರುತಿನ ಅಧ್ಯಾಯ ತಪ್ಪಾಗಿದೆ. ಇನ್ನೊಂದು ವಾರ ಕೊಡಿ."

"ತಪ್ಪು ಅಂದರೆ? ಅದೇ ತಾನೇ ಪುಸ್ತಕದ ತಿರುಳು?"

"ಹೌದು. ತಿರುಳೇ ತಪ್ಪಾಗಿದೆ."

ಅಧಿಕಾರಿಯ ಕೈಯಲ್ಲಿ ಚಹಾದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಮಗ ಎದ್ದು ಬಿರಬಿರನೆ ಹೊರಗೆ ಹೋದ. ಅವತ್ತಿನಿಂದ ಮೂರು ದಿನ ಅವನು ತಂದೆಯೊಂದಿಗೆ ಮಾತಾಡಲಿಲ್ಲ; ಊಟವನ್ನೂ ಅಂಗಡಿಗೆ ತರಿಸಿಕೊಂಡ.

ನಾಲ್ಕನೆಯ ದಿನ ಬೆಳಗ್ಗೆ ಯಜಮಾನರು ಪ್ರಾರ್ಥನೆ ಮುಗಿಸಿ ಇಸ್ತ್ರಿ ಅಂಗಿ ಹಾಕಿಕೊಂಡರು. ಒಂದು ಚೀಲದಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ, ಗೀರಿದ್ದ ಒಂದು ಕಾರ್ಬ್ಯುರೇಟರಿನ ಮುಚ್ಚಳ, ಗೀರಿಲ್ಲದ್ದು ಒಂದು, ನಾಲ್ಕು ಹಾಳೆ ಕಾಗದ, ಪೆನ್ನು ಇಟ್ಟುಕೊಂಡರು. ಮಗಳು ರಜೆ ಹಾಕಿದ್ದಳು. ಬಾಗಿಲಲ್ಲಿ ಮಗ ಸ್ಕೂಟರಿಗೆ ಕೀಲಿ ಹಾಕುತ್ತಿದ್ದವನು ಇವರನ್ನು ನೋಡಿದ. "ಬಸ್ಸಲ್ಲಿ ಕಿಟಕಿ ಕಡೆ ಕೂರಬೇಡಿ, ಧೂಳು" ಎಂದಷ್ಟೇ ಅಂದ.

ಊರಿನ ಆ ತುದಿಯಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡಿದ್ದವು. ಡೈನಮೋ ಮೆಟ್ಟಿಲ ಮೇಲೆ ಕೂತು ಒಂದು ಟೇಬಲ್ ಫ್ಯಾನಿನ ಸುರುಳಿಗೆ ತಂತಿ ಸುತ್ತುತ್ತಿದ್ದ. ಹಲ್ಲು ಹೋಗಿತ್ತು, ಬೆರಳಿನ ಚುರುಕು ಹೋಗಿರಲಿಲ್ಲ. ತಲೆ ಎತ್ತಿ ನೋಡಿದವನು ಸುತ್ತುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮನೆಯವರು ಹೋದರು ಅಂತ ತಿಳೀತು" ಎಂದ. "ಬರಬೇಕು ಅಂದುಕೊಂಡೆ. ಬರೋ ಹಕ್ಕು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ."

ಏಕವಚನದ ಗೆಳೆಯನ ಬಾಯಲ್ಲಿ ಬಹುವಚನ ಕೇಳಿ ಯಜಮಾನರು ಕೆಳಗಿನ ಮೆಟ್ಟಿಲಲ್ಲೇ ನಿಂತರು. ಮಗಳು ತೋಳು ಹಿಡಿದು ಹತ್ತಿಸಿದಳು.

ಅವರು ಕುಶಲ ಕೇಳಲಿಲ್ಲ, ಪೀಠಿಕೆ ಹಾಕಲಿಲ್ಲ. ಚೀಲದಿಂದ ಮೂರು ಮುಚ್ಚಳಗಳನ್ನು ತೆಗೆದು ಡೈನಮೋನ ಮುಂದೆ ಇಟ್ಟರು.

"ಇದು ಮೊಹರು ಒಡೆದ ಪೆಟ್ಟಿಗೆಯದು. ಗೀರಿಲ್ಲ. ಇದು ನಾನು ಮೂಲದ್ದು ಅಂತ ಚೀಟಿ ಬರೆದದ್ದು. ಗೀರಿದೆ. ಇದು ನಮ್ಮ ಮನೆ ಸಕ್ಕರೆ ಡಬ್ಬಿದು."

ಡೈನಮೋನ ಕೈ ನಿಂತಿತು. ಸುತ್ತಿದ್ದ ತಂತಿ ಸಡಿಲಿ ಗುಂಗುರು ಗುಂಗುರಾಗಿ ಬಿಚ್ಚಿಕೊಂಡಿತು. ಅವನು ಸಕ್ಕರೆ ಮುಚ್ಚಳವನ್ನು ಎತ್ತಿ ಹಿಡಿದ.

"ಅತ್ತಿಗೆ ಹಾಕಿದ್ದಾ?"

"ಹೌದು. ನಿನ್ನ ನಲವತ್ತೂ ಮೂಲದ್ದೇ. ನಾನು ನಕಲು ಅಂದೆ."

ಡೈನಮೋ ನಗಲು ಹೋದ, ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಏ, ಇಲ್ಲಿ ಬಾರೇ" ಎಂದು ಒಳಗೆ ಕೂಗಿದ. "ಬಂದು ನೋಡು. ನಮ್ಮನ್ನ ಮುಳುಗಿಸಿದ ಗುರುತು ನೋಡು."

ಅವನ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಯಜಮಾನರನ್ನು ನೋಡಿ ಮುಖ ಬಿಗಿಯಿತು. ಬಗ್ಗಿ ಮುಚ್ಚಳಗಳನ್ನು ನೋಡಿದಳು. ಕಾರ್ಬ್ಯುರೇಟರಿನದನ್ನು ಎತ್ತಿಕೊಂಡು ಬೆರಳಿನಿಂದ ಗೀರು ಸವರಿದಳು.

"ಇದಾ?" ಎಂದಳು. "ಇಷ್ಟು ವರ್ಷ ನೀವಿಬ್ಬರೂ ಗುರುತು, ಗುರುತು ಅಂತಿದ್ದದ್ದು ಇದಾ?"

ಅವಳು ಮುಚ್ಚಳವನ್ನು ಗಂಡನ ಮುಂದೆ ಹಿಡಿದಳು.

"ಇದು ಅಕ್ಕನ ಗೀರು. ನಾನು ಪಕ್ಕದಲ್ಲೇ ಕೂತಿದ್ದೆ ಅವಳು ಹಾಕೋವಾಗ."

ಯಜಮಾನರು ತಲೆ ಎತ್ತಿದರು. "ನೀನಾ?"

"ಮತ್ತೆ ಯಾರು? ಹಿತ್ತಲಿಗೆ ಒಂದೇ ನಲ್ಲಿ. ನಿಮ್ಮ ಪಾಲು ಅವಳು ತೊಳೀತಿದ್ಳು, ನಮ್ಮ ಪಾಲು ನಾನು. ಕೆಸರು ಹೋದ ಮೇಲೆ ಎಲ್ಲ ಒಂದೇ ಥರ ಕಾಣೋದು. ಒಣಗೋಕೆ ಒಂದೇ ಚಾಪೆ ಮೇಲೆ ಹಾಕಬೇಕು. ಬೆರೆತುಹೋದರೆ? ಅದಕ್ಕೆ ಅಕ್ಕ ಅಂದ್ಳು, 'ನಮ್ಮದಕ್ಕೆ ನಾನು ಗೀರು ಹಾಕ್ತೀನಿ ಕಣೇ. ಹಾಕದೇ ಇರೋದು ನಿಂದು. ನಿಂದು ಒಂದೂ ಅಪ್ಪಿತಪ್ಪಿ ನಮ್ಮ ಮನೆಗೆ ಬರಬಾರದು.'"

ಯಜಮಾನರು ಗೋಡೆ ಹಿಡಿದುಕೊಂಡರು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಡೈನಮೋ ಹೆಂಡತಿಯ ಮುಖವನ್ನೇ ನೋಡುತ್ತ ಕೂತ.

"ನೀನು ನನಗೆ ಹೇಳಲೇ ಇಲ್ಲವಲ್ಲೇ" ಎಂದ ಅವನು.

"ನೀವು ಕೇಳಿದ್ರಾ? ಕಾರ್ಖಾನೆ ಗುರುತು ಅಂದ್ರಿ. ಕಾರ್ಖಾನೆ ಗುರುತು ಹೇಗಿರುತ್ತೆ ಅಂತ ನನಗೇನು ಗೊತ್ತು? ಒಂದು ದಿನ ಒಂದು ಮುಚ್ಚಳ ತಂದು ಮುಂದೆ ಇಟ್ಟಿದ್ರಾ? ಇವರ ಮನೆಗೆ ಬೇಡಿಕೊಳ್ಳೋಕೆ ಹೋದಾಗಲೂ ಹೀಗೇ. ಅಕ್ಕ ತೋರಿಸಿ ಅಂದ್ಳು, ಒಳಗೆ ಕಳಿಸಿದ್ರು. ನಿಮ್ಮಿಬ್ಬರಿಗೂ ಕಣ್ಣು ಚೆನ್ನಾಗೇ ಇತ್ತು. ತೊಳೆದವರು ಇಬ್ಬರು ಮನೆಯಲ್ಲೇ ಇದ್ವಿ."

ಅವಳು ಒಳಗೆ ಹೋದಳು. ಪಾತ್ರೆಗಳ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಮುಚ್ಚಳವಿದ್ದ ಸಣ್ಣ ಸ್ಟೀಲು ಪಾತ್ರೆಯಿತ್ತು. ಅದನ್ನು ಬೋರಲು ಹಿಡಿದು ತೋರಿಸಿದಳು. ತಳದಲ್ಲಿ ಅದೇ ಬಾಗಿಲು. ತಿಕ್ಕಿ ತಿಕ್ಕಿ ಮಸುಕಾಗಿತ್ತು.

"ಆ ಜಗಳದ ಹಿಂದಿನ ವಾರ ನನಗೆ ಜ್ವರ ಅಂತ ಅಕ್ಕ ಇದರಲ್ಲಿ ಗಂಜಿ ಕಳಿಸಿದ್ಳು. ವಾಪಸ್ ಕೊಡೋಕೆ ಆಗಲೇ ಇಲ್ಲ. ಇಪ್ಪತ್ತು ವರ್ಷದಿಂದ ಇವರು ದಿನಾ ಇದರಲ್ಲೇ ಹಾಲು ಕುಡೀತಾರೆ."

ಡೈನಮೋ ಪಾತ್ರೆಯನ್ನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದ. "ದಿನಾ" ಎಂದ. "ದಿನಾ ಕೈಯಲ್ಲಿ ಹಿಡೀತಿದ್ದೆ ಕಣೋ."

ಯಜಮಾನರು ಕೈ ಚಾಚಿದರು. ಡೈನಮೋನ ಹೆಂಡತಿ ಪಾತ್ರೆಯನ್ನು ಗಂಡನಿಂದ ಇಸಿದುಕೊಂಡು ಅವರ ಕೈಗೆ ಕೊಟ್ಟಳು. ಅವರು ಹೆಬ್ಬೆರಳಿನಿಂದ ಮಸುಕು ಗೀರುಗಳನ್ನು ಮುಟ್ಟಿ ನೋಡಿದರು. ಭೂತಗನ್ನಡಿ ತೆಗೆಯಲಿಲ್ಲ.

"ನೋಡಿದ್ದಾಯಿತಾ? ಕೊಡಿ" ಎಂದಳು ಅವಳು. "ಅಕ್ಕ ಕೊಟ್ಟದ್ದು ನನಗೆ. ನಿಮಗೆ ವಾಪಸ್ ಕೊಡಲ್ಲ."

ಅವರು ಕೊಟ್ಟರು. ಆಮೇಲೆ ಚೀಲದಿಂದ ಕಾಗದ ತೆಗೆದರು. "ನಿನ್ನೆ ಬರೆದೆ. ಪುಸ್ತಕದಲ್ಲಿ ಹೀಗೇ ಬರುತ್ತೆ. ಸಂಘದವರಿಗೂ ಕಳಿಸ್ತೀನಿ. ಓದಿ ನೋಡು" ಎಂದು ಡೈನಮೋಗೆ ಕೊಟ್ಟರು.

ಡೈನಮೋ ಓದಿದ. ಅರ್ಧ ಹಾಳೆಯಷ್ಟಿತ್ತು. ಓದಿ ಹೆಂಡತಿಯ ಕಡೆ ನೋಡಿದ.

"ಏನಂತ ಬರೆದಿದ್ದಾರೆ?" ಎಂದಳು ಅವಳು.

"'ಗುರುತನ್ನು ಅರ್ಥ ಮಾಡಿಕೊಳ್ಳುವಲ್ಲಿ ಲೇಖಕನಿಂದ ತಪ್ಪಾಗಿದೆ. ಅದು ತೊಳೆಯುವಾಗ ಮನೆಯಲ್ಲಿ ಹಾಕಿದ್ದು. ಗುರುತಿಲ್ಲದವೂ ಮೂಲದವೇ.'"

"ಅಷ್ಟೇನಾ?"

"ನನ್ನ ಹೆಸರೂ ಇದೆ. ನಾನು ಪ್ರಾಮಾಣಿಕ ಅಂತ ಇದೆ."

"ನೀವು ಪ್ರಾಮಾಣಿಕರು ಅಂತ ನನಗೆ ಗೊತ್ತಿತ್ತು. 'ಮನೆಯಲ್ಲಿ ಹಾಕಿದ್ದು' ಅಂದರೆ? ಗೋಡೆ ಹಾಕಿತಾ, ಕಿಟಕಿ ಹಾಕಿತಾ?"

ಯಜಮಾನರು ಆ ಹಾಳೆಯನ್ನು ವಾಪಸು ತೆಗೆದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿದರು. ಹೊಸ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪೆನ್ನಿನ ಕ್ಯಾಪು ತೆಗೆದರು.

"ನೀನು ಹೇಳು ತಂಗಿ. ನಾನು ಬರ್ಕೋತೀನಿ."

ಅವಳು ಮೆಟ್ಟಿಲ ಮೇಲೆ ಕೂತಳು. ಪಾತ್ರೆ ಮಡಿಲಲ್ಲಿತ್ತು.

"ಮೊದಲು ಅಕ್ಕನ ಹೆಸರು ಬರೀರಿ."

ಆ ಹೆಸರನ್ನು ಯಜಮಾನರು ಕೊನೆಯ ಸಲ ಬರೆದದ್ದು ಆಸ್ಪತ್ರೆಯ ಕಾಗದದ ಮೇಲೆ. ಈಗ ಹಾಳೆಯ ತಲೆಗೆ ಬರೆದರು.

"ಬರೆದ್ರಾ?"

"ಬರೆದೆ."

"ಬೆಳಗಿನ ಕೆಲಸ ಮುಗಿಸಿ ನಾವಿಬ್ಬರೂ ಹಿತ್ತಲಿಗೆ ಬರ್ತಿದ್ವಿ. ಎರಡು ಬೋಗುಣಿ. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಸೋಪಿನ ನೀರು. ದಬ್ಬಳ ಅವಳ ಸೆರಗಲ್ಲೇ ಇರ್ತಿತ್ತು."

ಯಜಮಾನರು ಒಂದು ಮಾತೂ ಬಿಡದೆ ಬರೆದುಕೊಂಡರು. ಸಾಲಿನ ಕೊನೆಗೆ ಬಂದು ತಲೆ ಎತ್ತಿದರು.

"ಆಮೇಲೆ?" ಎಂದು ಕೇಳಿದರು.